ಮಂಡ್ಯದ ಹರಳು: ಸಕ್ಕರೆ ಅಣುಗಳ ನಂಟಿನ ಚರಿತ್ರೆ

ಶ್ರೀರಂಗಪಟ್ಟಣದ ಮಗ್ಗುಲಿನ ಪಾಲಹಳ್ಳಿಯಲ್ಲಿ 1847ರಲ್ಲಿ ಗ್ರೋವ್ಸ್ ಎಂಬ ಇಂಗ್ಲಿಷ್ ಕಂಪನಿ ‘ಅಷ್ಟಗ್ರಾಮ ಷುಗರ್ ವರ್ಕ್ಸ್’ ತೆರೆಯಿತು. ಅಲ್ಲಿ ಕಬ್ಬು ಅರೆಯುತ್ತಿರಲಿಲ್ಲ. ಸುತ್ತಲಿನ ರೈತರು ಆಲೆಮನೆಯಲ್ಲಿ ಮಾಡಿದ ಬೆಲ್ಲವನ್ನು ಕೊಂಡು, ನೀರಿನಲ್ಲಿ ಕರಗಿಸಿ, ಸೋಸಿ, ಮತ್ತೆ ಕಾಯಿಸಿ ಬಿಳಿ ಸಕ್ಕರೆ ತೆಗೆಯುತ್ತಿದ್ದರು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಹೋದ ಈ ಸಕ್ಕರೆ ಪದಕ ಗೆದ್ದಿತು. ಇಂದಿನ ಮಂಡ್ಯ ಜಿಲ್ಲೆಯ ನೆಲದಲ್ಲಿ ತಯಾರಾದ ಹರಳಿಗೆ ಸಿಕ್ಕ ಮೊದಲ ದೊಡ್ಡ ಮರ್ಯಾದೆ ಅದು. ಮಂಡ್ಯ ಜಿಲ್ಲೆಯಾಗಲು ಆಗ ಇನ್ನೂ 88 ವರ್ಷ ಬಾಕಿ ಇತ್ತು.

ಪಾಲಹಳ್ಳಿಯವರು ನಿಜಕ್ಕೂ ಮಾಡಿದ್ದೇನು? ಬೆಲ್ಲದಲ್ಲೂ ಸಕ್ಕರೆಯಲ್ಲೂ ಮುಖ್ಯವಾಗಿ ಇರುವುದು ಒಂದೇ ಅಣು, ಸುಕ್ರೋಸ್. ಅವರು ಹೊಸ ವಸ್ತುವನ್ನೇನೂ ಸೃಷ್ಟಿಸಲಿಲ್ಲ, ಒಂದು ಅಣುವನ್ನೂ ಮುರಿಯಲಿಲ್ಲ, ಜೋಡಿಸಲಿಲ್ಲ. ಸುಕ್ರೋಸ್ ಅಣುವಿಗೆ ಸುಕ್ರೋಸ್ ಅಣುವೇ ಸಿಗುವಂತೆ, ಬೇರೆಯವು ಅಡ್ಡ ಬಾರದಂತೆ ದಾರಿ ಮಾಡಿಕೊಟ್ಟರು. ಉಳಿದದ್ದನ್ನೆಲ್ಲ ಅಣುಗಳೇ ಮಾಡಿಕೊಂಡವು. ಅಣುವಿನ ಒಳಗಿನ ಗಟ್ಟಿ ಬಂಧಗಳನ್ನು ಮುಟ್ಟದೆ, ಅಣು ಮತ್ತು ಅಣುವಿನ ನಡುವೆ ಏರ್ಪಡುವ ಸಡಿಲ ನಂಟುಗಳನ್ನು ಅಭ್ಯಾಸ ಮಾಡುವ ಶಾಸ್ತ್ರಕ್ಕೆ ಇಂದು ಸುಪ್ರಾಮಾಲಿಕ್ಯುಲರ್ ರಸಾಯನಶಾಸ್ತ್ರ ಎಂದು ಹೆಸರಿದೆ. ಯಾವ ಅಣು ಯಾವುದನ್ನು ಗುರುತಿಸುತ್ತದೆ, ಹೇಗೆ ಪಕ್ಕಪಕ್ಕ ಕೂರುತ್ತದೆ, ಕೂತು ಏನನ್ನು ಕಟ್ಟುತ್ತದೆ ಎಂಬುದು ಅದರ ವಿಷಯ. ಪಠ್ಯಪುಸ್ತಕಗಳು ಇದನ್ನು 1960ರ ದಶಕದಿಂದ ಶುರುಮಾಡುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಯ ಜನ ಅದಕ್ಕೆ ಬಹಳ ಮೊದಲಿನಿಂದಲೇ ಇದರ ಮೇಲೆ ಸಂಸಾರ ನಡೆಸಿಕೊಂಡು ಬಂದಿದ್ದಾರೆ.

ಆಲೆಮನೆಯನ್ನೇ ನೋಡಿ. ಗಾಣದಿಂದ ಬಂದ ಕಬ್ಬಿನ ಹಾಲು, ಅಂದರೆ ರಸ, ಕೊಪ್ಪರಿಗೆಗೆ ಬೀಳುವಾಗ ತುಸು ಹುಳಿಯಾಗಿಯೇ ಇರುತ್ತದೆ. ಹುಳಿಯಲ್ಲಿ ಕಾಯಿಸಿದರೆ ಸುಕ್ರೋಸ್ ಅಣು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಆ ಎರಡು ತುಂಡುಗಳು ಸುಕ್ರೋಸಿನ ಹರಳಿಗೆ ಹೊಂದುವುದಿಲ್ಲ, ನೀರನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅದಕ್ಕೇ, ಹುಳಿ ಮುರಿಯಲು, ಸುಣ್ಣ ಹಾಕುವುದು. ಬೆಂಡೆ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನು ಸುರಿದಾಗ, ಅದರ ಉದ್ದುದ್ದ ಸಕ್ಕರೆ ಸರಪಳಿಗಳು ಹಾಲಿನಲ್ಲಿ ತೇಲುವ ಕಸವನ್ನೂ ಬಣ್ಣವನ್ನೂ ಒಟ್ಟುಗೂಡಿಸಿ ಮಡ್ಡಿಯಾಗಿ ಮೇಲಕ್ಕೆ ತರುತ್ತವೆ. ಕೊನೆಗೆ ಪಾಕವನ್ನು ನೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ನೋಡುವುದು ಹದ. ಹದ ತಪ್ಪಿದರೆ, ಇಲ್ಲವೇ ಕಬ್ಬು ಹಳಸಿದ್ದರೆ, ‘ಬೆಲ್ಲ ಕಟ್ಟಲಿಲ್ಲ’ ಎನ್ನುತ್ತಾರೆ. ಅಣುಮಟ್ಟದಲ್ಲಿ ನಡೆದದ್ದೂ ಅಷ್ಟೇ: ಒಡೆದ ತುಂಡುಗಳು ಹೆಚ್ಚಾಗಿ, ಸುಕ್ರೋಸ್ ಅಣುಗಳು ಒಂದನ್ನೊಂದು ಸಂಧಿಸಲಾಗದೆ ಹೋದವು. ಮಳೆಗಾಲದಲ್ಲಿ ಅಂಥ ಬೆಲ್ಲ ಬೆವರುತ್ತದೆ.

ಆದರೆ ಇದನ್ನೆಲ್ಲ ಒಂದು ನಾಡಿನ ಕಸುಬಾಗಿಸಿದ್ದು ನೀರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಶುರುವಾಗಿ ಮುಗಿಯುವ ಹೊತ್ತಿಗೆ ಎರಡು ದಶಕ ಸರಿದಿತ್ತು. ಅಲ್ಲಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗದೊಳಗೆ ತೂರಿ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹರಿಯಿತು. ಅಲ್ಲಿಯವರೆಗೆ ರಾಗಿ, ಹುರುಳಿ ಬೆಳೆಯುತ್ತಿದ್ದ ಬೆದ್ದಲಿಗೆ 1930ರ ದಶಕದ ಆರಂಭದಲ್ಲಿ ನೀರು ಬಂತು. ನೀರು ಬಂದರೆ ಸಾಲದು, ಅದರಿಂದ ಹಣ ಹುಟ್ಟಬೇಕು. ನಾಲೆಗೆ ಹಾಕಿದ ದುಡ್ಡನ್ನು ಮೈಸೂರು ಸರ್ಕಾರ ವಾಪಸು ಕಾಣಬೇಕಿತ್ತು. ಆ ಲೆಕ್ಕಕ್ಕೆ ಸಿಕ್ಕ ಉತ್ತರ ಕಬ್ಬು.

ಕಬ್ಬಿನ ಪರವಾಗಿ ಹಟ ಹಿಡಿದವರು ಲೆಸ್ಲಿ ಕೋಲ್ಮನ್. ಕೆನಡಾದವರು, ಜರ್ಮನಿಯ ಗೋಟಿಂಗೆನ್‌ನಲ್ಲಿ ಓದಿದವರು, 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರು ಸೇವೆಗೆ ಬಂದವರು. ಅಡಿಕೆಯ ಕೊಳೆರೋಗದ ಮೇಲೆ ದುಡಿದು ಮಲೆನಾಡಿನಲ್ಲಿ ಹೆಸರಾದರು. ಕೃಷಿ ಇಲಾಖೆಯ ನಿರ್ದೇಶಕರಾಗಿ ಹೆಬ್ಬಾಳದಲ್ಲಿ ಕಬ್ಬಿನ ಹೊಸ ತಳಿಗಳನ್ನು ಮಾಡಿಸಿದರು, ‘ಎಚ್.ಎಂ.’ ಎಂಬ ಗುರುತಿನಲ್ಲಿ ಅವು ಗದ್ದೆಗಿಳಿದವು. 1932ರಲ್ಲಿ ಭಾರತ ಸರ್ಕಾರ ಜಾವಾದ ಸಕ್ಕರೆಗೆ ತೆರಿಗೆಯ ತಡೆಗೋಡೆ ಎಬ್ಬಿಸಿ ದೇಶದ ಉದ್ಯಮಕ್ಕೆ ರಕ್ಷಣೆ ಕೊಟ್ಟಿತು. ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳು ಮೂರ್ನಾಲ್ಕು ವರ್ಷದಲ್ಲಿ ನೂರನ್ನು ದಾಟಿದವು. ಅವುಗಳಲ್ಲೊಂದು 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿ, ಜನರ ಬಾಯಲ್ಲಿ ಮೈಷುಗರ್. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ಮಿರ್ಜಾ ಇಸ್ಮಾಯಿಲ್. 1934ರಲ್ಲಿ ಮಂಡ್ಯದಲ್ಲಿ ಕಬ್ಬು ಅರೆಯುವುದು ಶುರುವಾಯಿತು. ಐದು ವರ್ಷದಲ್ಲಿ, 1939ರಲ್ಲಿ, ಮಂಡ್ಯ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯೇ ಆಯಿತು. ಒಂದು ಹರಳಿನ ಬಲದಿಂದ ಜಿಲ್ಲೆಯಾಯಿತು ಎಂದರೆ ಉತ್ಪ್ರೇಕ್ಷೆ ಇರಬಹುದು, ಸುಳ್ಳಂತೂ ಅಲ್ಲ.

ಮಂಡ್ಯ ತನ್ನ ಎಂಜಿನಿಯರ್ ವಿಶ್ವೇಶ್ವರಯ್ಯನವರನ್ನು ಮನೆಮನೆಯ ಗೋಡೆಯ ಮೇಲೆ ಇಟ್ಟುಕೊಂಡಿದೆ. ಕೋಲ್ಮನ್ನರಿಗೆ ಅಷ್ಟು ಜಾಗ ಸಿಗಲಿಲ್ಲ. ಕಾರ್ಖಾನೆಯೊಳಗೆ ಕೂತು ಹರಳು ಕಟ್ಟಿಸಿದ ರಸಾಯನಜ್ಞರನ್ನೂ ಪ್ಯಾನ್‌ಮನ್‌ಗಳನ್ನೂ ಯಾರೂ ನೆನೆಯುವುದಿಲ್ಲ. ಇಲ್ಲಿ ಅವರ ಕೆಲಸದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಸೋಸಿದ ರಸವನ್ನು ಇಂಗಿಸಿ ದಪ್ಪ ಪಾಕ ಮಾಡಿ ವ್ಯಾಕ್ಯೂಮ್ ಪ್ಯಾನಿಗೆ ಎಳೆದುಕೊಳ್ಳುತ್ತಾರೆ. ಗಾಳಿಯ ಒತ್ತಡ ಇಳಿಸಿದ ಈ ಪಾತ್ರೆಯನ್ನು ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ 19ನೇ ಶತಮಾನದ ಆರಂಭದಲ್ಲಿ ಕಂಡುಹಿಡಿದ. ಅದರಲ್ಲಿ ಪಾಕ 60–70 ಡಿಗ್ರಿ ಸೆಲ್ಸಿಯಸ್ಸಿನ ಸುತ್ತಮುತ್ತಲೇ ಕುದಿಯುತ್ತದೆ, ಕೊಪ್ಪರಿಗೆಯ ಹಾಗೆ ನೂರು ಡಿಗ್ರಿ ದಾಟಬೇಕಿಲ್ಲ; ಅಣು ಒಡೆಯುವುದಿಲ್ಲ. ನೀರು ಹೋದಂತೆ ಪಾಕ ತಾನು ಕರಗಿಸಿಟ್ಟುಕೊಳ್ಳಬಹುದಾದ್ದಕ್ಕಿಂತ ಹೆಚ್ಚು ಸುಕ್ರೋಸನ್ನು ಹೊತ್ತು ನಿಲ್ಲುತ್ತದೆ. ಇದು ತುಂಬ ನಾಜೂಕಿನ ಸ್ಥಿತಿ. ಆಗ ನುಣ್ಣಗೆ ಅರೆದ ಸಕ್ಕರೆಯ ಬೀಜವನ್ನು ಬಿಡುತ್ತಾರೆ. ಕಣ್ಣಿಗೆ ಕಾಣದ ಆ ಕಣಗಳ ಮೇಲೆ ಸುಕ್ರೋಸ್ ಅಣುಗಳು ಬಂದು ಕೂರುತ್ತವೆ, ಪದರದ ಮೇಲೆ ಪದರ. ಬೀಜ ಜಾಸ್ತಿಯಾದರೆ ಹರಳು ಪುಡಿಪುಡಿ. ಆವಿ ಬಿರುಸಾದರೆ ತಾನಾಗಿ ಹುಟ್ಟುವ ಸುಳ್ಳು ಹರಳುಗಳು ನುಗ್ಗಿ, ಮುಂದೆ ಹರಳನ್ನು ಬೇರ್ಪಡಿಸುವ ಜಾಲರಿಯನ್ನು ಮುಚ್ಚಿಬಿಡುತ್ತವೆ. ಪ್ಯಾನ್‌ಮನ್ ಸಣ್ಣ ನಳಿಕೆಯಿಂದ ಮಾದರಿ ಎಳೆದು, ಗಾಜಿನ ತುಂಡಿನ ಮೇಲೆ ಸವರಿ ಬೆಳಕಿಗೆ ಹಿಡಿದು ನೋಡುತ್ತಾನೆ. ಎಷ್ಟೇ ಮೀಟರುಗಳು ಬಂದರೂ ಈ ನೋಟ ಹೋಗಿಲ್ಲ. ಕಡೆಗೆ ಬುಗುರಿಯಂತೆ ಸುತ್ತುವ ಜಾಲರಿಯ ಯಂತ್ರದಲ್ಲಿ ಹರಳು ಒಳಗೆ ಉಳಿದು, ಹರಳಾಗದ ಪಾಕ, ಅಂದರೆ ಕಾಕಂಬಿ, ಹೊರಗೆ ಹಾರುತ್ತದೆ.

ಹರಳಿನ ಬಳಿಗೆ ಬರುವ ಅಣುಗಳಲ್ಲಿ ಗ್ಲೂಕೋಸೂ ಇದೆ, ಫ್ರಕ್ಟೋಸೂ ಇದೆ, ಆಮ್ಲ, ಲವಣ, ಬಣ್ಣಗಳೂ ಇವೆ. ಒಳಗೆ ಜಾಗ ಸಿಗುವುದು ಹೆಚ್ಚುಕಡಿಮೆ ಸುಕ್ರೋಸಿಗೆ ಮಾತ್ರ. ಹರಳಿಗೆ ಈ ವಿವೇಚನೆ ಎಲ್ಲಿಂದ ಬಂತು? ಉತ್ತರದ ಮೊದಲ ಎಳೆ ಕೂಡ ಸಕ್ಕರೆಯಲ್ಲೇ ಸಿಕ್ಕಿದ್ದು. ಬರ್ಲಿನ್ನಿನ ಎಮಿಲ್ ಫಿಷರ್ ಗ್ಲೂಕೋಸ್ ಮತ್ತು ಅದರ ಬಂಧುಗಳ ಆಕಾರವನ್ನು ಒಂದೊಂದಾಗಿ ಬಿಡಿಸಿದವರು. ಯೀಸ್ಟಿನ ಒಂದು ಕಿಣ್ವ, ಬಾದಾಮಿಯ ಇನ್ನೊಂದು ಕಿಣ್ವ. ಎರಡಕ್ಕೂ ಅವರು ಗ್ಲೂಕೋಸಿನಿಂದ ಮಾಡಿದ ಒಂದು ವಸ್ತುವಿನ ಎರಡು ರೂಪಗಳನ್ನು ಕೊಟ್ಟರು. ಆ ರೂಪಗಳಲ್ಲಿ ಪರಮಾಣುಗಳು ಅವೇ, ಒಂದು ಕೊಂಡಿಯ ದಿಕ್ಕು ಮಾತ್ರ ಬೇರೆ. ಒಂದು ಕಿಣ್ವ ಒಂದನ್ನಷ್ಟೇ ಒಡೆಯಿತು, ಇನ್ನೊಂದು ಮತ್ತೊಂದನ್ನಷ್ಟೇ. 1894ರಲ್ಲಿ ಫಿಷರ್ ಬರೆದರು: ಕಿಣ್ವವೂ ಅದರ ವಸ್ತುವೂ ಬೀಗ ಮತ್ತು ಬೀಗದ ಕೈನಂತೆ ಹೊಂದಬೇಕು. ಅಣುಗಳು ಒಂದನ್ನೊಂದು ಗುರುತಿಸುತ್ತವೆ ಎಂಬ ಮಾತಿಗೆ ರಸಾಯನಶಾಸ್ತ್ರದಲ್ಲಿ ಅದೇ ಬುನಾದಿ. 1902ರಲ್ಲಿ ಅವರಿಗೆ ನೊಬೆಲ್ ಬಂತು. ಯೀಸ್ಟಿನ ಕಿಣ್ವವೇ ಇಂದಿಗೂ ಡಿಸ್ಟಿಲರಿಗಳ ಕಾಕಂಬಿ ತೊಟ್ಟಿಯಲ್ಲಿ ಸುಕ್ರೋಸನ್ನು ಗುರುತು ಹಿಡಿದು ಸೀಳುತ್ತಿರುತ್ತದೆ.

ಸುಕ್ರೋಸ್ ಹರಳಿನ ಒಳಗನ್ನು ನೋಡಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಮೈಷುಗರ್ ಹರಳು ಕಟ್ಟತೊಡಗಿ 13 ವರ್ಷವಾದ ಮೇಲೆ, 1947ರಲ್ಲಿ, ಸ್ಕಾಟ್ಲೆಂಡಿನಲ್ಲಿ ಬೀವರ್ಸ್ ಮತ್ತು ಕೊಕ್ರನ್ ಎಂಬ ಇಬ್ಬರು ಎಕ್ಸ್‌ರೇ ಹಾಯಿಸಿ ಸುಕ್ರೋಸಿನ ನಿಜವಾದ ಆಕಾರವನ್ನು ಕಂಡರು. ಅಂದರೆ ಮಂಡ್ಯದ ಪ್ಯಾನ್‌ಮನ್ ತಾನು ಕಟ್ಟುತ್ತಿದ್ದ ಹರಳಿನ ನಕ್ಷೆ ಜಗತ್ತಿನ ಯಾರ ಕೈಯಲ್ಲೂ ಇಲ್ಲದ ಕಾಲದಲ್ಲಿ ಅದನ್ನು ಕಟ್ಟುತ್ತಿದ್ದ. ಬೀವರ್ಸ್ ಮತ್ತು ಕೊಕ್ರನ್ ನೇರ ಸಕ್ಕರೆಯನ್ನು ಬಳಸಲಿಲ್ಲ. ಸುಕ್ರೋಸ್ ಸೋಡಿಯಂ ಬ್ರೋಮೈಡ್ ಎಂಬ ಲವಣವನ್ನೂ ನೀರನ್ನೂ ಜೊತೆಗೆ ಕೂರಿಸಿಕೊಂಡು ಕಟ್ಟುವ ಹರಳನ್ನು ಬಳಸಿದರು. ಆ ಜೊತೆಗೂಡುವಿಕೆಯೇ ಸುಪ್ರಾಮಾಲಿಕ್ಯುಲರ್ ಸಂಗತಿ. 1963ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಬ್ರೌನ್ ಮತ್ತು ಲೆವಿ ನ್ಯೂಟ್ರಾನ್ ಕಿರಣದಿಂದ ಸಕ್ಕರೆಯೊಳಗಿನ ಹೈಡ್ರೋಜನ್‌ಗಳ ಜಾಗವನ್ನು ಕರಾರುವಾಕ್ಕಾಗಿ ಗುರುತಿಸಿದರು.

ಆಗ ಕಂಡ ಚಿತ್ರ ಹೀಗಿದೆ. ಸುಕ್ರೋಸಿನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್. ಹೊರಮೈಯಲ್ಲಿ ಆಕ್ಸಿಜನ್ನಿಗೆ ಹೈಡ್ರೋಜನ್ ಅಂಟಿದ ಎಂಟು ಚಾಚುಗಳು. ಚಾಚಿನ ಹೈಡ್ರೋಜನ್ ಇನ್ನೊಂದು ಆಕ್ಸಿಜನ್ನಿನ ಕಡೆ ವಾಲಿ ಹಿಡಿಯುವ ನಂಟಿಗೆ ಹೈಡ್ರೋಜನ್ ಬಂಧ ಎನ್ನುತ್ತಾರೆ. ಎರಡು ಬಂಧ ಅಣುವಿನೊಳಗೇ ಏರ್ಪಟ್ಟು ಗ್ಲೂಕೋಸ್ ಭಾಗವನ್ನೂ ಫ್ರಕ್ಟೋಸ್ ಭಾಗವನ್ನೂ ಒಂದೇ ಭಂಗಿಯಲ್ಲಿ ಬಿಗಿಯುತ್ತವೆ. ಉಳಿದ ಚಾಚುಗಳು ಅಕ್ಕಪಕ್ಕದ ಅಣುಗಳ ಕಡೆಗೆ. ಒಂದೊಂದೇ ಬಂಧ ದುರ್ಬಲ, ನೀರು ಬಿದ್ದರೆ ಕಳಚಿಕೊಳ್ಳುತ್ತದೆ. ಚಹಾದಲ್ಲಿ ಸಕ್ಕರೆ ಕರಗುವುದೂ ಇದರಿಂದಲೇ. ಆದರೆ ಎಲ್ಲವೂ ಸರಿಯಾದ ದೂರದಲ್ಲಿ, ಸರಿಯಾದ ದಿಕ್ಕಿನಲ್ಲಿ ಒಟ್ಟಿಗೆ ಕೂಡಿದಾಗ ಮಾತ್ರ ಅಣು ಹರಳಿಗೆ ಅಂಟಿ ನಿಲ್ಲುತ್ತದೆ. ಗ್ಲೂಕೋಸಿನ ಬಳಿ ಐದೇ ಚಾಚುಗಳಿವೆ, ಅಷ್ಟಕ್ಕೆ ಹರಳು ಒಪ್ಪುವುದಿಲ್ಲ. ಬಂದು ತಾಗಿ, ಹೊಂದದೆ, ಕಳಚಿ ಹೋಗುತ್ತದೆ. ಬಂಧ ಸಡಿಲವಾಗಿರುವುದೇ ಇಲ್ಲಿ ಉಪಕಾರ: ತಪ್ಪು ಅಣು ಅಂಟಿಕೊಂಡರೂ ಬಿಟ್ಟು ಹೋಗಲು ಸಾಧ್ಯ. ನಾಲಿಗೆಯ ಮೇಲೆ ಸಿಹಿ ಎನ್ನಿಸುವುದಕ್ಕೂ ಇವೇ ಚಾಚುಗಳು ಕಾರಣ. ರುಚಿಕೋಶದ ಪ್ರೋಟೀನೊಂದು ಅವುಗಳ ದೂರವನ್ನೂ ದಿಕ್ಕನ್ನೂ ಗುರುತಿಸುತ್ತದೆ.

ಗುರುತು ಇದ್ದ ಕಡೆ ಮೋಸವೂ ಇರುತ್ತದೆ. ಕಡಿದ ಕಬ್ಬು ಬಿಸಿಲಲ್ಲಿ ಬಿದ್ದಿದ್ದರೆ, ಕಡಿದ ತುದಿಯಿಂದ ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯ ಒಳನುಗ್ಗುತ್ತದೆ. ಸುಕ್ರೋಸನ್ನು ತಿಂದು, ಅದರ ಗ್ಲೂಕೋಸ್ ಭಾಗವನ್ನು ಸಾಲಾಗಿ ಪೋಣಿಸಿ ಡೆಕ್ಸ್‌ಟ್ರಾನ್ ಎಂಬ ಲೋಳೆ ಮಾಡುತ್ತದೆ. ಈ ಸರಪಳಿಯೂ ಅದರ ಚೂರುಗಳೂ ಸುಕ್ರೋಸಿನ ಕೆಲವು ಲಕ್ಷಣಗಳನ್ನು ಹೊತ್ತಿರುತ್ತವೆ. ಹರಳಿನ ಕೆಲವು ಮುಖಗಳು ಇವನ್ನು ತಮ್ಮವೆಂದೇ ನಂಬಿ ಕೂರಿಸಿಕೊಳ್ಳುತ್ತವೆ. ಕೂತ ಮೇಲೆ ಉಳಿದ ಭಾಗ ಹೊರಗೆ ಚಾಚಿ ಮುಂದಿನ ಸುಕ್ರೋಸಿಗೆ ದಾರಿ ಕಟ್ಟುತ್ತದೆ. ಆ ಮುಖ ಬೆಳೆಯುವುದು ನಿಲ್ಲುತ್ತದೆ, ಬೇರೆ ಮುಖಗಳು ಬೆಳೆಯುತ್ತವೆ, ಹರಳು ಗುಂಡುಗುಂಡಾಗಿರುವ ಬದಲು ಸೂಜಿಯಂತೆ ಉದ್ದವಾಗುತ್ತದೆ. ಸೂಜಿ ಹರಳು ಜಾಲರಿಯಲ್ಲಿ ಸಿಕ್ಕಿಕೊಂಡು ಕಾಕಂಬಿಯನ್ನು ಬಿಡುವುದಿಲ್ಲ. ಯುರೋಪಿನ ಬೀಟ್‌ರೂಟ್ ಸಕ್ಕರೆಯಲ್ಲಿ ಇದೇ ಕೆಲಸ ಮಾಡುವುದು ರಾಫಿನೋಸ್: ಸುಕ್ರೋಸಿಗೇ ಇನ್ನೊಂದು ಸಕ್ಕರೆ ಅಂಟಿಸಿದಂಥ ಅಣು. 1980ರ ದಶಕದಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಇಂಥ ಮಾರುವೇಷದ ಅಣುಗಳನ್ನು ಬೇಕೆಂದೇ ತಯಾರಿಸಿ ಬೇರೆ ಬೇರೆ ಹರಳುಗಳ ಆಕಾರ ತಿದ್ದುವುದನ್ನು ತೋರಿಸಿದರು. ಸಕ್ಕರೆ ಕಾರ್ಖಾನೆಯ ಕಾಟವೇ ಪ್ರಯೋಗಶಾಲೆಯ ಉಪಕರಣವಾಯಿತು.

ಡೆಕ್ಸ್‌ಟ್ರಾನ್ ಇನ್ನೂ ಒಂದು ಕಿತಾಪತಿ ಮಾಡುತ್ತದೆ. ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುವುದು ಪೋಲಾರಿಮೀಟರಿನಿಂದ. ಸುಕ್ರೋಸ್ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಡೆಕ್ಸ್‌ಟ್ರಾನ್ ಅದನ್ನು ಸುಮಾರು ಮೂರು ಪಟ್ಟು ತಿರುಗಿಸುತ್ತದೆ. ಹಾಗಾಗಿ ಹಳಸಿದ ಕಬ್ಬಿನ ರಸದಲ್ಲಿ ಇಲ್ಲದ ಸಕ್ಕರೆಯನ್ನು ಮೀಟರು ಇದೆಯೆಂದು ತೋರಿಸಬಹುದು, ಕೊನೆಗೆ ಚೀಲ ಮಾತ್ರ ತುಂಬುವುದಿಲ್ಲ.

ಹೊರಗಿನ ಜಗತ್ತಿನಲ್ಲಿ ಅಷ್ಟರಲ್ಲಿ ಈ ವಿದ್ಯೆಗೆ ಹೆಸರೂ ಪೀಠವೂ ಸಿಕ್ಕಿತ್ತು. ಡ್ಯೂಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್, ಡಾಕ್ಟರೇಟ್ ಇಲ್ಲದ ರಸಾಯನಜ್ಞ, ಬೇರೇನೋ ಮಾಡಲು ಹೋಗಿ ಉಂಗುರದಂಥ ಅಣುವೊಂದನ್ನು ಕಂಡರು. ಅದು ಪೊಟ್ಯಾಸಿಯಂ ಅಯಾನನ್ನು ತನ್ನ ನಡುವೆ ಹಿಡಿದುಕೊಳ್ಳುತ್ತಿತ್ತು. 1967ರಲ್ಲಿ ಅದನ್ನು ಪ್ರಕಟಿಸಿದರು. ಫ್ರಾನ್ಸಿನ ಜಾನ್-ಮರಿ ಲೇನ್ ಉಂಗುರವನ್ನು ಪಂಜರವಾಗಿಸಿದರು, 1978ರಲ್ಲಿ ಈ ಇಡೀ ಶಾಖೆಗೆ ಸುಪ್ರಾಮಾಲಿಕ್ಯುಲರ್ ಎಂಬ ಹೆಸರು ಕೊಟ್ಟರು. ಅಮೆರಿಕದ ಡೊನಾಲ್ಡ್ ಕ್ರಾಮ್ ಜೊತೆ ಮೂವರಿಗೂ 1987ರ ನೊಬೆಲ್. ಕಬ್ಬಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಅದೆಲ್ಲ ಕಾಕಂಬಿಗೆ ಇಳಿಯುತ್ತದೆ, ಮತ್ತು ಸುಕ್ರೋಸನ್ನು ಹರಳಾಗಗೊಡದೆ ಅಲ್ಲೇ ಉಳಿಸಿಕೊಳ್ಳುವುದರಲ್ಲಿ ಅದರ ಪಾಲೂ ಇದೆ. ಕಾಕಂಬಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸುಕ್ರೋಸ್ ಉಳಿದೇಬಿಡುತ್ತದೆ ಎಂಬುದು ಎಲ್ಲ ಕಾರ್ಖಾನೆಗಳ ಹಳೆಯ ಕೊರಗು.

ಈ ಕಥೆಗೆ ಕನ್ನಡ ನಾಡಿನ ಪ್ರಯೋಗಶಾಲೆ ಸೇರುವುದು ತಡವಾಗಿ, ಆದರೆ ಗಟ್ಟಿಯಾಗಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೊರಟ ಕರೆಂಟು 1905ರಲ್ಲಿ ಬೆಂಗಳೂರಿನ ದೀಪ ಹಚ್ಚಿತು. 1909ರಲ್ಲಿ ಅದೇ ಊರಲ್ಲಿ, ಮೈಸೂರು ಸರ್ಕಾರ ಕೊಟ್ಟ 371 ಎಕರೆಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಮೊದಲ ನಿರ್ದೇಶಕ ಮೋರಿಸ್ ಟ್ರಾವರ್ಸ್ ರಸಾಯನಜ್ಞರೇ. ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು. ಸರಿಯಾಗಿ ನೂರು ವರ್ಷದ ಮೇಲೆ, 2009ರಲ್ಲಿ, ಗೌತಮ್ ದೇಸಿರಾಜು ಹೈದರಾಬಾದಿನಿಂದ ಆ ಸಂಸ್ಥೆಗೆ ಬಂದರು. ಕ್ರಿಸ್ಟಲ್ ಎಂಜಿನಿಯರಿಂಗ್ ಎಂಬ ಶಾಖೆಯ ಮೇಲೆ ಅವರು 1989ರಲ್ಲಿ ಬರೆದ ಪುಸ್ತಕವೂ, 1995ರಲ್ಲಿ ‘ಸುಪ್ರಾಮಾಲಿಕ್ಯುಲರ್ ಸಿಂಥಾನ್’ ಕುರಿತು ಬರೆದ ಲೇಖನವೂ ಆ ಹೊತ್ತಿಗೆ ಪ್ರಪಂಚದೆಲ್ಲೆಡೆ ಓದಿನ ಸರಕಾಗಿದ್ದವು. ಹರಳಿನಲ್ಲಿ ಅಣುಗಳು ಮನಬಂದಂತೆ ಕೂಡುವುದಿಲ್ಲ, ಕೆಲವೇ ಹಿಡಿತಗಳು ಮತ್ತೆ ಮತ್ತೆ ಬರುತ್ತವೆ, ಅವನ್ನು ಅರಿತರೆ ನಮಗೆ ಬೇಕಾದ ಹರಳನ್ನು ಯೋಜಿಸಬಹುದು ಎಂಬುದು ಅವರ ವಾದ. ನೀರಿನಲ್ಲಿ ಕರಗದ ಔಷಧಿಯ ಅಣುವಿಗೆ ತಕ್ಕ ಜೊತೆಗಾರನನ್ನು ಕೊಟ್ಟು ಕರಗುವ ಹರಳಾಗಿಸುವುದು ಇದರ ಒಂದು ಫಲ.

ಅದೇ ಸಂಸ್ಥೆಯ ಇ. ಅರುಣನ್ ಮುಂದಾಳಾಗಿದ್ದ ಅಂತಾರಾಷ್ಟ್ರೀಯ ಕಾರ್ಯಪಡೆ 2011ರಲ್ಲಿ ಹೈಡ್ರೋಜನ್ ಬಂಧಕ್ಕೆ ಹೊಸ ವ್ಯಾಖ್ಯೆ ಕೊಟ್ಟಿತು. ದೇಸಿರಾಜು ಕೂಡ ಅದರಲ್ಲಿದ್ದರು. ಈಗ ಜಗತ್ತಿನ ರಸಾಯನಶಾಸ್ತ್ರದ ಒಕ್ಕೂಟ ಒಪ್ಪಿರುವುದು ಆ ವ್ಯಾಖ್ಯೆಯನ್ನೇ. ಸಕ್ಕರೆಯನ್ನು ಹಿಡಿದಿಟ್ಟ ಬಂಧ ಎಂದರೇನು ಎಂಬುದನ್ನು ಮಂಡ್ಯದಿಂದ ನೂರು ಕಿಲೋಮೀಟರ್ ದೂರದಲ್ಲಿ ಕೂತವರು ತೀರ್ಮಾನಿಸಿದರು. ಮಂಡ್ಯದಲ್ಲಿ ಇದು ಸುದ್ದಿಯಾಗಲಿಲ್ಲ. ಆ ವರ್ಷಗಳಲ್ಲಿ ಅಲ್ಲಿನ ಸುದ್ದಿ ಬೇರೆಯೇ ಇತ್ತು: ಮೈಷುಗರ್ ನಿಲ್ಲುವುದು, ಶುರುವಾಗುವುದು, ಮತ್ತೆ ನಿಲ್ಲುವುದು. ಕೆಲ ವರ್ಷ ಪೂರ್ತಿ ಸ್ತಬ್ಧವಾಗಿದ್ದ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ನಡುವಿನ ಕಾಲದಲ್ಲಿ ಕಬ್ಬು ಮದ್ದೂರು ತಾಲ್ಲೂಕಿನ ಕೊಪ್ಪಕ್ಕೂ ಕೆ.ಎಂ. ದೊಡ್ಡಿಗೂ ಜಿಲ್ಲೆಯಾಚೆಗೂ ಲಾರಿ ಏರಿತು.

ಲಾರಿ ಏರಿದ ಕಬ್ಬು ಕಾಯುತ್ತದೆ, ರಸಾಯನಕ್ರಿಯೆ ಕಾಯುವುದಿಲ್ಲ. ಕಟಾವಾದ ಕ್ಷಣದಿಂದ ಸುಕ್ರೋಸ್ ಒಡೆಯಲು ಶುರು, ಡೆಕ್ಸ್‌ಟ್ರಾನ್ ಬೆಳೆಯಲು ಶುರು. ಕೇಂದ್ರ ಸರ್ಕಾರ ನಿಗದಿಮಾಡುವ ಕಬ್ಬಿನ ದರ ಸಕ್ಕರೆ ಇಳುವರಿಗೆ ಕಟ್ಟಿಹಾಕಿದ್ದು. ಈಗಿನ ಮೂಲ ಪ್ರಮಾಣ ನೂರಕ್ಕೆ 10.25. ಆ ಇಳುವರಿಯನ್ನು ಲೆಕ್ಕ ಹಾಕುವುದು ಕಾರ್ಖಾನೆಯ ಮಟ್ಟದಲ್ಲಿ, ಒಬ್ಬೊಬ್ಬ ರೈತನ ಗದ್ದೆಯ ಮಟ್ಟದಲ್ಲಲ್ಲ. ಹಾಗಾಗಿ ಮಳವಳ್ಳಿಯ ನಾಲೆಯ ಕೊನೆಯಲ್ಲಿ, ನೀರಿಗೂ ಕಾದು ಕಟಾವಿನ ಪರವಾನಗಿಗೂ ಕಾದು ಬೆಳೆದವನ ಒಳ್ಳೆಯ ಕಬ್ಬು ಕೂಡ ಯಾರ್ಡಿನಲ್ಲಿ ಬಿಸಿಲು ಕಾಯ್ದ ಕಬ್ಬಿನ ಜೊತೆ ಸರಾಸರಿಯಾಗಿ ಹೋಗುತ್ತದೆ. ಇದರಲ್ಲಿ ಅಣುವಿನ ತಪ್ಪಿಲ್ಲ, ರೈತನ ತಪ್ಪೂ ಇಲ್ಲ. ಕಟಾವಿಗೂ ಗಾಣಕ್ಕೂ ನಡುವಿನ ಹೊತ್ತನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಇಡುವುದು ಆಡಳಿತದ ಕೆಲಸ, ಅದನ್ನು ಮಾಡದ ಕಾರ್ಖಾನೆ ಇಳುವರಿ ಕಡಿಮೆ ಎಂದು ದೂರುವ ಹಕ್ಕನ್ನು ಕಳೆದುಕೊಂಡಿದೆ.